ಜೋಕರ್ ಮುಖದ ಬಣ್ಣ ಬದಲಾದ ಕಥೆ

ಶಿರಸಿ ಕಡೆ ಯಕ್ಷಗಾನದ ಆಟ ನೋಡಿ ಮನೆಗೆ ಹೋಗುವವರ ಮಾತು ಕೇಳಿದ್ದೀರಾ? ಪ್ರಸಂಗದ ಕಥೆಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮಾತೆಲ್ಲ ವೇಷದ ಮೇಲೆ. ಯಕ್ಷಗಾನದ ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡಿದ್ದು 2017ರಲ್ಲಿ. ಅವರ ಕೀಚಕ ನೋಡಿದವರು ಇವತ್ತಿಗೂ ಬೇರೆಯವರ ಕೀಚಕನನ್ನು ಅದರ ಪಕ್ಕ ಇಟ್ಟು ತೂಗುತ್ತಾರೆ. ಹೆಜ್ಜೆ ಹೇಗಿತ್ತು, ಸೈರಂಧ್ರಿಯನ್ನು ಕಂಡಾಗ ಕಣ್ಣು ಹೇಗಿತ್ತು ಅಂತ.

ಬ್ಯಾಟ್‌ಮ್ಯಾನ್ ಕಥೆಗಳ ಖಳ ಜೋಕರ್‌ನನ್ನೂ ಹೀಗೇ ನೋಡಬೇಕು ಅಂತ ನನಗೆ ಅನಿಸುತ್ತದೆ. ಪಾತ್ರ ಒಂದೇ, ವೇಷಧಾರಿಗಳು ಹಲವರು. ಯಾರು ದೊಡ್ಡವರು ಅನ್ನುವ ಜಗಳ ನಮ್ಮೂರ ಹುಡುಗರಲ್ಲೂ ಇದೆ. ನಾನು ಮಾತ್ರ ಮುಖದ ಬಣ್ಣ ನೋಡುತ್ತೇನೆ. ಎಂಬತ್ತು ವರ್ಷಗಳ ಕಥೆಯೆಲ್ಲ ಅಲ್ಲೇ ಇದೆ.

ಈ ಪಾತ್ರ ಹುಟ್ಟಿದ್ದು 1940ರಲ್ಲಿ, ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ. ಬಾಬ್ ಕೇನ್, ಬಿಲ್ ಫಿಂಗರ್, ಜೆರ್ರಿ ರಾಬಿನ್ಸನ್ ಮೂವರ ಹೆಸರೂ ಇದರ ಜೊತೆಗಿದೆ. ಯಾರ ಪಾಲು ಎಷ್ಟು ಅನ್ನುವುದರಲ್ಲಿ ಅವರಲ್ಲೇ ಒಮ್ಮತ ಇರಲಿಲ್ಲ. ಮುಖ ಸಿಕ್ಕಿದ್ದು 1928ರ ಒಂದು ಮೂಕಿ ಚಿತ್ರದಿಂದ. ಅದರಲ್ಲಿ ಕಾನ್ರಾಡ್ ವೈಟ್ ಮಾಡಿದ ಪಾತ್ರಕ್ಕೆ ಚಿಕ್ಕಂದಿನಲ್ಲೇ ಬಾಯಿ ಕೊಯ್ದಿರುತ್ತಾರೆ. ಅಳು ಬಂದರೂ ಮುಖದಲ್ಲಿ ನಗು. ಗಮನಿಸಿ, ಅವನು ಖಳ ಅಲ್ಲ, ನೊಂದವನು. ನೊಂದವನ ಮುಖ ತಂದು ಕೊಲೆಗಾರನಿಗೆ ಇಟ್ಟರು. ಆ ಮೊದಲ ಸಂಚಿಕೆಯಲ್ಲೇ ಜೋಕರ್ ಸಾಯಬೇಕಿತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಬೇಡ ಅಂದರು. ಅವನು ಬದುಕಿದ್ದಾನೆ ಅಂತ ತೋರಿಸುವ ಒಂದು ಚಿತ್ರವನ್ನು ಕೊನೆಗೆ ಸೇರಿಸಿದರು.

ನಮ್ಮ ರಂಗದಲ್ಲಿ ರಕ್ಕಸ ಬೇರೆ, ಹಾಸ್ಯಗಾರ ಬೇರೆ. ಹೊನ್ನಾವರದ ಕರ್ಕಿಯಲ್ಲಿ ಹಾಸ್ಯಗಾರ ಅನ್ನುವುದು ಯಕ್ಷಗಾನದ ಒಂದು ಮನೆತನದ ಹೆಸರೇ ಆಗಿದೆ. ಹಾಸ್ಯಗಾರ ಬಂದರೆ ಮಕ್ಕಳು ಮುಂದೆ ಸರಿಯುತ್ತಾರೆ, ರಕ್ಕಸ ಬಂದರೆ ಅಮ್ಮನ ಸೆರಗು ಹಿಡಿಯುತ್ತಾರೆ. ಜೋಕರ್‌ನಲ್ಲಿ ಇಬ್ಬರೂ ಒಂದೇ ಮೈಯಲ್ಲಿ ಇದ್ದಾರೆ. ನಗಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ. ಅದೇ ಅವನ ಶಕ್ತಿ.

ಒಂದು ಕಾಲದಲ್ಲಿ ಆ ಹೆದರಿಕೆಯನ್ನು ಪೂರ್ತಿ ತೆಗೆದುಬಿಟ್ಟಿದ್ದರು. ಕಾಮಿಕ್ಸ್ ಓದಿ ಮಕ್ಕಳು ಹಾಳಾಗುತ್ತಿದ್ದಾರೆ ಅಂತ ಅಮೆರಿಕದಲ್ಲಿ ದೊಡ್ಡ ಗದ್ದಲವಾಯಿತು. 1954ರಲ್ಲಿ ಪ್ರಕಾಶಕರೇ ಒಂದು ನೀತಿ ಸಂಹಿತೆ ಮಾಡಿಕೊಂಡರು. ಕೊಲೆಗಾರ ಜೋಕರ್ ಸುಮ್ನೆ ಕೀಟಲೆ ಮಾಡುವ ಕಳ್ಳನಾದ. 1966ರ ಟಿವಿ ಸರಣಿಯಲ್ಲೂ ಅದೇ ವರ್ಷದ ಸಿನಿಮಾದಲ್ಲೂ ಸೀಸರ್ ರೊಮೆರೊ ಮಾಡಿದ್ದು ಈ ಜೋಕರ್‌ನನ್ನೇ. ಅವರು ತಮ್ಮ ಮೀಸೆ ಬೋಳಿಸಲು ಒಪ್ಪಲಿಲ್ಲ. ಮೀಸೆಯ ಮೇಲೇ ಬಿಳಿ ಬಣ್ಣ ಬಳಿದರು. ಕ್ಯಾಮೆರಾ ಹತ್ತಿರ ಬಂದಾಗ ಬಣ್ಣದ ಕೆಳಗೆ ಮೀಸೆ ಉಬ್ಬಿ ಕಾಣುತ್ತದೆ. ಇದು ವೇಷ ಅಂತ ಎಲ್ಲರಿಗೂ ಗೊತ್ತು, ಅದರಿಂದ ಯಾರಿಗೂ ತೊಂದರೆ ಇಲ್ಲ. ಅವರ ಕುಣಿತ, ಕೇಕೆ ನನಗೆ ಇಷ್ಟ.

1989ರಲ್ಲಿ ಟಿಮ್ ಬರ್ಟನ್ ಚಿತ್ರದಲ್ಲಿ ಜ್ಯಾಕ್ ನಿಕಲ್ಸನ್ ಬಂದರು. ಇಲ್ಲಿ ಲೆಕ್ಕ ತಿರುಗಿತು. ರಾಸಾಯನಿಕದ ತೊಟ್ಟಿಗೆ ಬಿದ್ದು ಅವನ ಚರ್ಮವೇ ಬಿಳಿಯಾಗಿದೆ. ಮನುಷ್ಯನ ಹಾಗೆ ಕಾಣಬೇಕಾದರೆ ಅದರ ಮೇಲೆ ಮೈಬಣ್ಣ ಹಚ್ಚಿಕೊಳ್ಳಬೇಕು. ನೀರು ಬಿದ್ದರೆ ಮನುಷ್ಯನ ಮುಖ ತೊಳೆದುಹೋಗಿ ಜೋಕರ್ ಉಳಿಯುತ್ತಾನೆ! ಬ್ಯಾಟ್‌ಮ್ಯಾನ್‌ನ ತಂದೆ ತಾಯಿಯನ್ನು ಕೊಂದವನೂ ಅವನೇ ಅಂತ ಈ ಚಿತ್ರ ಸೇರಿಸಿತು. ಕಾಮಿಕ್ಸ್‌ನಲ್ಲಿ ಆ ಕೊಲೆಗಾರ ಬೇರೆ. ನನಗೆ ಇದು ಅಷ್ಟು ಹಿಡಿಸಲಿಲ್ಲ. ಇಬ್ಬರ ನಡುವಿನ ಹಗೆಗೆ ಹಳೆ ಸೇಡಿನ ಕಾರಣ ಬೇಕಿರಲಿಲ್ಲ.

2008ರ 'ದಿ ಡಾರ್ಕ್ ನೈಟ್'ನಲ್ಲಿ ಕ್ರಿಸ್ಟೋಫರ್ ನೋಲನ್ ಆ ಕಾರಣಗಳನ್ನೆಲ್ಲ ಕಿತ್ತು ಹಾಕಿದರು. ಹೀತ್ ಲೆಡ್ಜರ್‌ನ ಜೋಕರ್ ತನ್ನ ಬಾಯಿಯ ಗಾಯಕ್ಕೆ ಒಮ್ಮೆ ಅಪ್ಪನ ಕಥೆ ಹೇಳುತ್ತಾನೆ, ಇನ್ನೊಮ್ಮೆ ಹೆಂಡತಿಯ ಕಥೆ. ಎರಡೂ ಸುಳ್ಳಿರಬಹುದು. ಹೆಸರಿಲ್ಲ, ಊರಿಲ್ಲ. ಬಣ್ಣವೂ ಹಾಗೇ, ಕೈಗೆ ಸಿಕ್ಕಿದ್ದನ್ನು ಬಳಿದುಕೊಂಡ ಹಾಗೆ. ಬಣ್ಣ ಹಚ್ಚುವಾಗ ಲೆಡ್ಜರ್ ಹಣೆ, ಕಣ್ಣು ಎಲ್ಲ ಸುಕ್ಕು ಮಾಡಿಕೊಂಡು ಕೂರುತ್ತಿದ್ದರಂತೆ. ಬಿಳಿ ಬಣ್ಣ ಬಿದ್ದ ಮೇಲೆ ಮುಖ ಸಡಿಲ ಬಿಟ್ಟರೆ ಸುಕ್ಕಿದ್ದಲ್ಲೆಲ್ಲ ಗೆರೆ ಬಿರಿಯುತ್ತಿತ್ತು. ತೆರೆಯ ಮೇಲೆ ಅದು ಮಳೆಗಾಲ ಕಳೆದ ಗೋಡೆಯ ಸುಣ್ಣದ ಹಾಗೆ ಕಾಣುತ್ತದೆ. ಚಿತ್ರ ಬಿಡುಗಡೆಯಾಗುವ ಮೊದಲೇ, ಜನವರಿಯಲ್ಲಿ, ಲೆಡ್ಜರ್ ತೀರಿಕೊಂಡರು. ವಯಸ್ಸು 28. ಮರುವರ್ಷ ಆಸ್ಕರ್ ಬಂತು, ತೆಗೆದುಕೊಳ್ಳಲು ಮನೆಯವರು ವೇದಿಕೆ ಹತ್ತಿದರು.

2016ರಲ್ಲಿ ಜ್ಯಾರೆಡ್ ಲೆಟೊ ಹಚ್ಚೆ, ಲೋಹದ ಹಲ್ಲು ಎಲ್ಲ ಹಾಕಿಕೊಂಡು ಬಂದರು. ಅಲಂಕಾರ ಜಾಸ್ತಿ, ಪಾತ್ರ ಕಡಿಮೆ.

2019ರ 'ಜೋಕರ್'ನಲ್ಲಿ ಬಣ್ಣ ಅಂದರೆ ಹೊಟ್ಟೆಪಾಡು. ಹ್ವಾಕಿನ್ ಫೀನಿಕ್ಸ್ ಮಾಡಿದ ಆರ್ಥರ್ ಫ್ಲೆಕ್ ದಿನಗೂಲಿಯ ವಿದೂಷಕ. ಮೊದಲ ದೃಶ್ಯದಲ್ಲೇ ಕನ್ನಡಿ ಮುಂದೆ ಕೂತಿದ್ದಾನೆ. ಎರಡು ಬೆರಳು ಬಾಯಿಗೆ ಹಾಕಿ ತುಟಿಯನ್ನು ಮೇಲಕ್ಕೆ ಎಳೆಯುತ್ತಾನೆ. ನಗು ಬರಲಿ ಅಂತ. ಅಷ್ಟರಲ್ಲಿ ಕಣ್ಣೀರು ಇಳಿದು ಬಣ್ಣ ಕೆನ್ನೆಗೆ ಹರಿಯುತ್ತದೆ. ಹತ್ತಿರ ಹತ್ತಿರ ನೂರು ವರ್ಷದ ಹಿಂದಿನ ಆ ಮೂಕಿ ಚಿತ್ರದ ನೊಂದವನೇ ವಾಪಸ್ ಬಂದಿದ್ದಾನೆ ಅನಿಸಿತು ನನಗೆ. ಕೊನೆಗೆ ಕಾರಿನ ಮೇಲೆ ನಿಂತು ಬಾಯಿಯ ರಕ್ತವನ್ನೇ ಬೆರಳಲ್ಲಿ ಎಳೆದು ನಗು ಬರೆದುಕೊಳ್ಳುತ್ತಾನೆ. ಈ ಪಾತ್ರಕ್ಕೆ ಎರಡನೇ ಆಸ್ಕರ್ ಬಂತು. ಕೊಲೆಗಾರನ ಮೇಲೆ ಇಷ್ಟು ಕನಿಕರ ಸರಿಯಾ ಅಂತ ಜಗಳವೂ ಆಯಿತು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಕಾರಣ ತೋರಿಸುವುದು ಬೇರೆ, ಕ್ಷಮಿಸುವುದು ಬೇರೆ, ಅಲ್ವಾ?

2024ರಲ್ಲಿ ಬಂದ ಈ ಚಿತ್ರದ ಎರಡನೇ ಭಾಗದಲ್ಲಿ ಅದೇ ಆರ್ಥರ್ ಕೋರ್ಟಿನಲ್ಲಿ ನಿಂತು, ಜೋಕರ್ ಅಂತ ಯಾರೂ ಇಲ್ಲ, ಇರುವುದು ತಾನೊಬ್ಬನೇ ಅನ್ನುತ್ತಾನೆ. ಜನ ಒಪ್ಪಲಿಲ್ಲ. ಚಿತ್ರ ಸೋತಿತು.

ಮಾರಿಕಾಂಬಾ ಜಾತ್ರೆಯ ಟೆಂಟ್ ಆಟಕ್ಕೆ ಹೋದಾಗ, ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಇಣುಕಿದ್ದು ನೆನಪಾಯಿತು. ರಾತ್ರಿಯಿಡೀ ಹೆದರಿಸಿದ ರಕ್ಕಸ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಾ ಕೂತಿದ್ದರು. ಅರ್ಧ ಮುಖ ಕೆಂಪು, ಅರ್ಧ ಮುಖ ನಮ್ಮ ಪಕ್ಕದ ಮನೆಯವರ ಹಾಗೆ. ಚಾ ತಂದುಕೊಡು ಅಂತ ಯಾರಿಗೋ ಹೇಳಿದರು. ನನಗಾಗ ಎಂಟೋ ಒಂಬತ್ತೋ ವರ್ಷ. ಆ ರಕ್ಕಸ ಇವರೇ ಅಂತ ಅಪ್ಪ ಎಷ್ಟು ಹೇಳಿದರೂ ನಾನು ನಂಬಲಿಲ್ಲ.