ಓಟು ಹಾಕದವರಿಗೆ ಎಂಪಿ ಯಾರು?

2024ರ ಲೋಕಸಭಾ ಎಲೆಕ್ಷನ್‌ನಲ್ಲಿ ಮುಂಬೈ ವಾಯವ್ಯ, ಅಂದ್ರೆ ನಮ್ಮ ಜೋಗೇಶ್ವರಿ, ಗೋರೆಗಾಂವ್, ಅಂಧೇರಿ ಕಡೆಯ ಸೀಟು, ಬರೀ 48 ಓಟಲ್ಲಿ ತೀರ್ಮಾನ ಆಯ್ತು. ಗೆದ್ದ ರವೀಂದ್ರ ವಾಯ್ಕರ್‌ಗೆ 4,52,644, ಸೋತ ಅಮೋಲ್ ಕೀರ್ತಿಕರ್‌ಗೆ 4,52,596. ಎಲ್ರೂ ಆ 48ರ ಬಗ್ಗೆನೇ ಮಾತಾಡಿದ್ರು, ಆದ್ರೆ ಲಿಸ್ಟಲ್ಲಿ ಹೆಸರಿದ್ದ 17 ಲಕ್ಷ ಚಿಲ್ಲರೆ ಜನರಲ್ಲಿ 7.5 ಲಕ್ಷಕ್ಕೂ ಜಾಸ್ತಿ ಜನ ಬೂತ್ ಕಡೆ ತಲೆನೇ ಹಾಕಿಲ್ಲ. ಹೆಚ್ಚುಕಮ್ಮಿ ಕಾಲು ಭಾಗದ ಒಪ್ಪಿಗೆಯಲ್ಲಿ ಒಬ್ರು ಇಡೀ ಕ್ಷೇತ್ರಕ್ಕೆ ಎಂಪಿ.

ಕಾನೂನು ಪ್ರಕಾರ ಅವರು ಎಲ್ಲರಿಗೂ ಎಂಪಿನೇ. ಸಂವಿಧಾನದ 81ನೇ ವಿಧಿ ರಾಜ್ಯಗಳಿಗೆ ಸೀಟು ಹಂಚೋದು ಜನಸಂಖ್ಯೆ ನೋಡಿ, ಅದೂ 1971ರ ಸೆನ್ಸಸ್ ಲೆಕ್ಕ, ಅಲ್ಲಿ ತೊಟ್ಟಿಲ ಮಗುನೂ ಎಣಿಕೆಗೆ ಬರತ್ತೆ. ಆದ್ರೆ ಕೆಲಸ ಯಾರಿಗೆ ಆಗತ್ತೆ ಅನ್ನೋದು ಬೇರೆ ಪ್ರಶ್ನೆ. ಓಟು ಹಾಕದವರು ವಯಸ್ಸು, ಸಂಪಾದನೆ, ಕಷ್ಟ ಎಲ್ಲದರಲ್ಲೂ ಹಾಕಿದವರ ಥರಾನೇ ಇದ್ರೆ ಅರ್ಧ ಜನ ಹಾಕಿದ್ರೂ ರಿಸಲ್ಟ್ ಹೆಚ್ಚು ಬದಲಾಗಲ್ಲ. ಒಂದೇ ಥರದ ಜನ ಹೊರಗುಳಿದ್ರೆ ಮಾತ್ರ ಅದು ವಾಲತ್ತೆ.

ಇದಕ್ಕೆ ಬ್ರೆಜಿಲ್‌ನಲ್ಲಿ ಒಳ್ಳೆ ಪುರಾವೆ ಸಿಕ್ಕಿದೆ. ಅಲ್ಲಿ ಮೊದ್ಲು ಕಾಗದದ ಮೇಲೆ ಅಭ್ಯರ್ಥಿಯ ಹೆಸರೋ ನಂಬರೋ ಬರೀಬೇಕಿತ್ತು, ಓದು ಬರಹ ಸರಿಯಾಗಿ ಬರದ ಬಡವರ ಓಟು ರಾಶಿ ರಾಶಿ ಅಸಿಂಧು ಆಗ್ತಿತ್ತು. 1998ರಲ್ಲಿ 40,500ಕ್ಕಿಂತ ಜಾಸ್ತಿ ಮತದಾರರಿರೋ ಊರುಗಳಿಗೆ ಫೋಟೋ ತೋರಿಸೋ ಮೆಷಿನ್ ಕೊಟ್ರು, ಸಣ್ಣ ಊರುಗಳಲ್ಲಿ ಕಾಗದವೇ ಉಳೀತು, ಹಾಗಾಗಿ ಆ ಗೆರೆಯ ಆಚೆ ಈಚೆ ಇದ್ದ ಒಂದೇ ಥರದ ಊರುಗಳನ್ನ ಹೋಲಿಸೋಕೆ ಆಯ್ತು. ಥಾಮಸ್ ಫುಜಿವಾರಾ ಅನ್ನೋ ಅರ್ಥಶಾಸ್ತ್ರಜ್ಞರು ಈ ಲೆಕ್ಕ ಹಿಡ್ಕೊಂಡು ಹೋದಾಗ, ಬಡವರ ಓಟು ಹೆಚ್ಚು ಎಣಿಕೆಗೆ ಬಂದ ರಾಜ್ಯಗಳಲ್ಲಿ ಸರ್ಕಾರ ಆರೋಗ್ಯಕ್ಕೆ ಹೆಚ್ಚು ದುಡ್ಡು ಹಾಕಿತ್ತು, ಕಮ್ಮಿ ಓದಿದ ಗರ್ಭಿಣಿಯರು ಹೆಚ್ಚು ಸಲ ಚೆಕಪ್‌ಗೆ ಹೋಗಿದ್ರು, ಅವರಲ್ಲಿ ತೂಕ ಕಮ್ಮಿ ಇರೋ ಮಕ್ಕಳು ಹುಟ್ಟೋದೂ ಇಳಿದಿತ್ತು. ಹುಟ್ಟೋ ಮಗುವಿನ ತೂಕದವರೆಗೂ ಓಟು ಮುಟ್ಟತ್ತೆ ಅಂದ್ರೆ ನೋಡಿ!

ಇನ್ನು ಮುಂಬೈಯಲ್ಲಿ ಹೊರಗುಳಿಯೋರು ಯಾರು? ಜೋಗೇಶ್ವರಿಯ ಒಂದು ಹೋಟೆಲಲ್ಲಿ ದೋಸೆ ಕಲ್ಲಿನ ಮುಂದೆ ನಿಂತಿರೋ ಕಾರ್ಕಳದ ಹುಡುಗನ್ನ ಕೇಳಿದೆ. "ಓಟು ಊರಲ್ಲೇ ಉಂಟು ಅಣ್ಣಾ, ರಜೆ ಯಾರು ಕೊಡ್ತಾರೆ?" ಅಂದ. ಅವನ ಊರಲ್ಲಿ ಓಟಿದ್ದದ್ದು ಏಪ್ರಿಲ್ 26ಕ್ಕೆ, ಇಲ್ಲಿ ಮೇ 20ಕ್ಕೆ, ಅವನು ಎರಡೂ ಕಡೆ ಇಲ್ಲ. ಇಲ್ಲಿನ ನೀರು, ಲೋಕಲ್ ಟ್ರೇನು, ಸರ್ಕಾರಿ ಆಸ್ಪತ್ರೆ ಎಲ್ಲ ಅವನಿಗೂ ಬೇಕು, ಆದ್ರೆ ಓಟು ಕೇಳ್ಕೊಂಡು ಅವನ ಹತ್ರ ಯಾರೂ ಬರಲ್ಲ. ಇಂಥವರಿಗೆ "ಓಟು ಹಾಕಿಲ್ಲ, ಕೇಳೋ ಹಕ್ಕಿಲ್ಲ" ಅನ್ನೋದು ಅನ್ಯಾಯ.

ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಒಂದೇ ಮೆಷಿನ್‌ನಲ್ಲಿ 72 ಕ್ಷೇತ್ರಗಳ ಓಟು ತಗೊಳ್ಳೋ ರಿಮೋಟ್ ಮೆಷಿನ್ ಮುಂದಿಟ್ಟಿತ್ತು, ವಲಸೆ ಬಂದವರು ಇದ್ದಲ್ಲಿಂದಲೇ ತಮ್ಮೂರಿನ ಓಟು ಹಾಕಲಿ ಅಂತ. ವಿರೋಧ ಪಕ್ಷಗಳು ಒಪ್ಪಲಿಲ್ಲ, 2024ಕ್ಕೆ ಅದು ಬರ್ಲೇ ಇಲ್ಲ. ದೂರದ ಬೂತಲ್ಲಿ ಪಕ್ಷಗಳ ಪರವಾಗಿ ಕಣ್ಣಿಡೋ ಏಜೆಂಟ್ ಆಗಿ ಯಾರು ಕೂರ್ತಾರೆ ಅನ್ನೋಥರದ ಪ್ರಶ್ನೆಗಳು ನಿಜವಾದ್ದೇ, ಆದ್ರೆ ಅವಕ್ಕೆ ಉತ್ತರ ಹುಡುಕಿ ಮುಂದಿನ ಎಲೆಕ್ಷನ್ ಒಳಗೆ ಇದನ್ನ ಮತ್ತೆ ತರಬೇಕು.