ಮೆಡಿಕಲ್ ಬೋರ್ಡ್ ಮುಂದೆ ‘ಆರಾಮ ಅದೀನ್ರಿ’ ಅನ್ನಬೇಡಿ

ಓದುಗರ ಪ್ರಶ್ನೆ: ನಾನು ಇಳಕಲ್‌ನಲ್ಲಿ ಕುಣಿ ಮಗ್ಗದ ಮೇಲೆ ಸೀರೆ ನೇಯುತ್ತೇನೆ. ವಯಸ್ಸು 38. ಕಳೆದ ವರ್ಷ ಬೈಕಿಗೆ ಟೆಂಪೊ ಬಡಿದು ಬಲಗಾಲಿನ ಮೂಳೆ ಮುರಿಯಿತು. ಒಳಗೆ ರಾಡ್ ಹಾಕಿದ್ದಾರೆ. ಪರಿಹಾರಕ್ಕೆ ಕೇಸ್ ಹಾಕಿದ್ದೇವೆ. ಆಪರೇಷನ್ ಮಾಡಿದ ಡಾಕ್ಟರು ಆ ಕಾಲಿಗೆ ಶೇ 36 ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಈಗ ಇನ್ಶೂರೆನ್ಸ್ ಕಂಪನಿಯ ವಕೀಲರು ಅರ್ಜಿ ಹಾಕಿ, ನಾನು ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗಬೇಕು ಅಂತ ಆರ್ಡರ್ ಮಾಡಿಸಿದ್ದಾರೆ. ಹೋಗಲೇಬೇಕಾ? ಹೋದರೆ ಅವರು ಕಂಪನಿ ಪರವಾಗಿ ಬರೆದುಬಿಟ್ಟರೆ? ಅಲ್ಲಿ ನಾನು ಏನು ಹೇಳಬೇಕು?

ಉತ್ತರ: ಹೋಗಿ ಅಣ್ಣಾರೆ. ತಪ್ಪದೆ ಹೋಗಿ.

ಯಾರೂ ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುವುದಿಲ್ಲ, ನಿಜ. ಆದರೆ ಆರ್ಡರ್ ಇದ್ದೂ ಹೋಗದಿದ್ದರೆ ಕಂಪನಿ ವಕೀಲರಿಗೆ ಒಂದೇ ಮಾತು ಸಾಕು: ‘ನಿಜವಾಗಿ ತೊಂದರೆ ಇದ್ದಿದ್ದರೆ ಯಾಕೆ ಬರಲಿಲ್ಲ?’ ಆಗ ನಿಮ್ಮ ಡಾಕ್ಟರು ಕೊಟ್ಟ ಸರ್ಟಿಫಿಕೇಟಿನ ಮೇಲೂ ಅನುಮಾನ ಬರುತ್ತದೆ.

‘ಸರ್ಟಿಫಿಕೇಟ್ ಇದೆಯಲ್ಲ, ಮತ್ತೊಂದು ತಪಾಸಣೆ ಯಾಕೆ’ ಅಂತ ನಿಮಗೆ ಅನ್ನಿಸಿರಬಹುದು. ಬರೀ ಸರ್ಟಿಫಿಕೇಟ್ ಹಾಜರುಪಡಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ರಾಜಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣ ಅದು. ಚಿಕಿತ್ಸೆ ಕೊಟ್ಟ ಡಾಕ್ಟರು, ಇಲ್ಲವೇ ಪರೀಕ್ಷೆ ಮಾಡಿ ಶೇಕಡಾ ಲೆಕ್ಕ ಹಾಕಿದ ಡಾಕ್ಟರು, ಕಟಕಟೆಗೆ ಬಂದು ಪಾಟೀಸವಾಲಿಗೆ ಉತ್ತರ ಕೊಡಬೇಕು. ಅದರ ಮೇಲೂ ಸಮಾಧಾನ ಆಗದಿದ್ದರೆ ಟ್ರಿಬ್ಯೂನಲ್, ಅಂದರೆ ನಿಮ್ಮ ಪರಿಹಾರದ ಕೇಸ್ ನಡೆಸುವ ಕೋರ್ಟು, ಗಾಯಾಳುವನ್ನು ಮೆಡಿಕಲ್ ಬೋರ್ಡಿಗೆ ಕಳಿಸಬಹುದು. ಕೇಳಿದವರಿಗೆಲ್ಲ ಸರ್ಟಿಫಿಕೇಟ್ ಬರೆದುಕೊಡುವ ಡಾಕ್ಟರುಗಳೂ ಇದ್ದಾರೆ, ಅಂಥವನ್ನು ಕಣ್ಣು ಮುಚ್ಚಿ ಒಪ್ಪಬಾರದು ಅಂತಲೂ ಆ ತೀರ್ಪು ಎಚ್ಚರಿಸಿದೆ. ಹಾಗಾಗಿ ಈ ಆರ್ಡರ್ ಬಂದ ಕೂಡಲೇ ನಿಮ್ಮನ್ನು ಸುಳ್ಳುಗಾರ ಅಂದ ಹಾಗಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬೋರ್ಡಿನಲ್ಲಿ ಕೂರುವವರು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳು. ಅವರು ಕಂಪನಿಯ ನೌಕರರಲ್ಲ. ಯಾವ ಆಸ್ಪತ್ರೆ, ಯಾವ ದಿನ ಅಂತ ನಿಮ್ಮ ವಕೀಲರಿಂದ ಬರೆಸಿಕೊಳ್ಳಿ, ಆರ್ಡರಿನ ಪ್ರತಿ ಇಟ್ಟುಕೊಳ್ಳಿ. ಒಂದು ಎಚ್ಚರ ಮಾತ್ರ ಇರಲಿ. ಕಂಪನಿ ಕಡೆಯವರು ನೇರವಾಗಿ ಫೋನ್ ಮಾಡಿ ‘ನಮ್ಮ ಡಾಕ್ಟರ ಹತ್ತಿರ ಸುಮ್ನೆ ಒಮ್ಮೆ ತೋರಿಸಿ ಹೋಗಿ’ ಅಂದರೆ ಅದು ಬೇರೆ ವಿಷಯ. ವಕೀಲರನ್ನು ಕೇಳದೆ ಅಂಥ ಕಡೆ ಹೋಗಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಈಗ ಮುಖ್ಯ ವಿಷಯ. ನಮ್ಮ ಕಾಕಾನ ಕೇಸಿನಲ್ಲಿ ನಾನೇ ಜೊತೆಗೆ ಹೋಗಿದ್ದೆ. ಕಬ್ಬಿನ ಸೀಜನ್ನು. ರಾತ್ರಿ ಮುಧೋಳ ಕಡೆಯಿಂದ ಬರುವಾಗ ರಸ್ತೆ ಮೇಲೆ ನಿಲ್ಲಿಸಿದ್ದ ಕಬ್ಬಿನ ಟ್ರೇಲರ್ ಕಾಣದೆ ಹಿಂದಿನಿಂದ ಗುದ್ದಿದ್ದ. ಟ್ರೇಲರಿಗೆ ಒಂದು ರಿಫ್ಲೆಕ್ಟರ್ ಕೂಡ ಇರಲಿಲ್ಲ. ತೊಡೆಯ ಮೂಳೆ ಹೋಯಿತು. ಬೋರ್ಡಿನ ದಿನ ಕಾಕಾ ಬಿಳಿ ಅಂಗಿ ಹಾಕಿ, ಕ್ರಾಪ್ ತೀಡಿಕೊಂಡು ಹೊರಟ. ಡಾಕ್ಟರು ತಲೆ ಎತ್ತಿ ‘ಹೆಂಗ ಅದೀರಿ?’ ಅಂದರು. ಕಾಕಾ ಕೈ ಮುಗಿದು ‘ಆರಾಮ ಅದೀನ್ರಿ ಸಾಹೇಬ್ರ’ ಅಂದ.

ಬೇರೆ ಏನು ಅಂತಾನೆ? ನಮ್ಮ ಕಡೆ ಯಾರು ಕೇಳಿದರೂ ಬರುವ ಉತ್ತರ ಅದೊಂದೇ ಅಲ್ವಾ? ‘ನಡೆಯೋಕೆ ತೊಂದರೆ?’ ಅಂದದ್ದಕ್ಕೆ ‘ನಡಿತೈತ್ರಿ’ ಅಂದ. ಅದು ಹಾಗೇ ಕಾಗದದ ಮೇಲೆ ಹೋಯಿತು. ಹೊಲದ ಬದು ಹತ್ತುವಾಗ ಕಾಲು ನಡುಗುತ್ತದೆ, ಗೊಬ್ಬರದ ಚೀಲ ಎತ್ತಲಾಗುವುದಿಲ್ಲ, ಪಾಯಖಾನೆಗೆ ಕುಕ್ಕರಗಾಲಲ್ಲಿ ಕೂರಲಾಗದೆ ಮನೆಯಲ್ಲಿ ಖುರ್ಚಿ ಕೊರೆಸಿಟ್ಟಿದ್ದಾನೆ. ಇದ್ಯಾವುದನ್ನೂ ಅವನು ಹೇಳಲಿಲ್ಲ. ಹೊರಗೆ ಬಂದಮೇಲೆ ಕೇಳಿದರೆ, ‘ದೊಡ್ಡವರ ಮುಂದ ಹೇಂಗ ಅಳೂದು’ ಅಂದ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಕೋಣೆಯಲ್ಲಿ ಡಾಕ್ಟರು ಚಿಕಿತ್ಸೆ ಕೊಡಲು ಕೂತಿಲ್ಲ. ಅಳೆಯಲು ಕೂತಿದ್ದಾರೆ. ಸೊಂಟದ ಮುಂದಿನ ಎಲುಬಿನಿಂದ ಪಾದದ ಕೀಲಿನ ಒಳಬದಿಯ ಗಂಟಿನವರೆಗೆ ಟೇಪ್ ಹಿಡಿದು ಎರಡೂ ಕಾಲಿನ ಉದ್ದ ನೋಡುತ್ತಾರೆ. ತೊಡೆ, ಮೀನಖಂಡದ ಸುತ್ತಳತೆ ತೆಗೆಯುತ್ತಾರೆ, ಬಳಸದ ಕಾಲಿನಲ್ಲಿ ಮಾಂಸ ಇಳಿದಿರುತ್ತದೆ. ಮೊಣಕಾಲು, ಪಾದದ ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಕೋನ ಅಳೆಯುವ ಪಟ್ಟಿ ಇಟ್ಟು ನೋಡುತ್ತಾರೆ. ನಡೆಸುತ್ತಾರೆ, ಒಂಟಿ ಕಾಲಲ್ಲಿ ನಿಲ್ಲಿಸುತ್ತಾರೆ, ಕೂತು ಏಳಿಸುತ್ತಾರೆ. ಹೊಸ ಎಕ್ಸ್‌ರೇ ಕೇಳಬಹುದು. ಕೆಲವೊಮ್ಮೆ ಇದೆಲ್ಲ ಬೇಗ ಮುಗಿದುಹೋಗುತ್ತದೆ. ಅಷ್ಟರಲ್ಲಿ ನಿಮ್ಮ ಮಾತು ಹೇಳಿ ಮುಗಿಸಿರಬೇಕು. ನೀವು ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ, ವರದಿಗೆ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಟೇಪ್ ನಿಮ್ಮ ಕಾಲನ್ನು ಅಳೆಯುತ್ತದೆ, ನಿಮ್ಮ ಮಗ್ಗವನ್ನು ಅಳೆಯುವುದಿಲ್ಲ. ಕುಣಿ ಮಗ್ಗ ಹೇಗಿರುತ್ತದೆ ಅಂತ ಆ ಡಾಕ್ಟರು ನೋಡಿರಬೇಕು ಅಂತೇನಿಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಇಡೀ ದಿನ ಎರಡೂ ಪಾದದಲ್ಲಿ ಒಂದಾದ ಮೇಲೊಂದು ತುಳಿಯಬೇಕು. ಎದ್ದು ಬರಬೇಕೆಂದರೆ ಕೈ ಊರಿ, ಮೊಣಕಾಲು ಮಡಚಿ ಮೇಲೆ ಹತ್ತಬೇಕು. ನಿಮ್ಮ ಮುರಿದ ಮೂಳೆ ಮೊಣಕಾಲಿನ ಕೆಳಗಿನದ್ದಾಗಿದ್ದರೆ, ಅದಕ್ಕೆ ಹಾಕುವ ರಾಡನ್ನು ಸಾಮಾನ್ಯವಾಗಿ ಮೊಣಕಾಲಿನ ಹತ್ತಿರದಿಂದಲೇ ಇಳಿಸಿರುತ್ತಾರೆ. ಆಮೇಲೆ ಮೊಣಕಾಲೂರಿದಾಗ ಮುಂಭಾಗದಲ್ಲಿ ನೋವು ಬರುವುದು ಬಹಳ ಜನರಿಗೆ ಆಗುವ ತೊಂದರೆ. ನಿಮಗೂ ಇದ್ದರೆ ಹೇಳಿ.

ಹೇಗೆ ಹೇಳಬೇಕು? ‘ಬಹಳ ನೋವು ಸಾಹೇಬ್ರ’ ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಈಗಿನಿಂದಲೇ ಒಂದು ಕೆಲಸ ಮಾಡಿ. ಮಗ್ಗಕ್ಕೆ ಇಳಿದಾಗ ಗಡಿಯಾರ ನೋಡಿ. ಎಷ್ಟು ನಿಮಿಷಕ್ಕೆ ನೋವು ಶುರುವಾಗುತ್ತದೆ, ಯಾವ ಜಾಗದಲ್ಲಿ, ಪಾದ ಊದುತ್ತದಾ, ಎಷ್ಟು ಹೊತ್ತು ಬಿಟ್ಟು ಮತ್ತೆ ಕೂರುತ್ತೀರಿ ಅಂತ ಮಗನ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲು ಒಂದು ಸೀರೆಗೆ ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು? ಮಾಲೀಕರು ಸೀರೆ ಲೆಕ್ಕದಲ್ಲಿ ಕೂಲಿ ಕೊಡುತ್ತಾರಲ್ಲ, ಆ ಲೆಕ್ಕದ ಪುಸ್ತಕವೇ ಟ್ರಿಬ್ಯೂನಲ್ ಮುಂದೆ ದೊಡ್ಡ ಸಾಕ್ಷಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಡಾಕ್ಟರು ಹೇಳುವುದು ದೇಹದ ಲೆಕ್ಕ. ದುಡಿಮೆ ಎಷ್ಟು ಹೋಯಿತು ಅಂತ ತೀರ್ಮಾನಿಸುವುದು ಟ್ರಿಬ್ಯೂನಲ್. ಅದೇ 2010ರ ತೀರ್ಪಿನಲ್ಲಿ ಎಡಗೈ ಕಳೆದುಕೊಂಡವರ ಉದಾಹರಣೆ ಇದೆ. ಡ್ರೈವರ್ ಅಥವಾ ಬಡಗಿ ಆದರೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಸರ್ಕಾರಿ ಗುಮಾಸ್ತ ಆದರೆ ಕೆಲಸವೇ ಹೋಗದಿರಬಹುದು.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 15,000 ರೂಪಾಯಿ ಆದಾಯ ಅಂತ ಇಟ್ಟುಕೊಳ್ಳಿ. 38ರ ವಯಸ್ಸಿಗೆ ಗುಣಕ 15, ಅಂದರೆ ವರ್ಷದ ಆದಾಯವನ್ನು 15ರಿಂದ ಗುಣಿಸುತ್ತಾರೆ. ಅಲ್ಲಿಗೆ 27 ಲಕ್ಷ. ಕಾಲಿನ ಶೇ 36ನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಇಡೀ ದೇಹಕ್ಕೆ ಅಂತ ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ ಹಿಡಿಯುತ್ತಾರೆ, ಅಂದರೆ ಶೇ 12. ಆಗ 3,24,000 ರೂಪಾಯಿ. ಅದೇ ಟ್ರಿಬ್ಯೂನಲ್ ನಿಮ್ಮ ಕಸುಬು ನೋಡಿ ದುಡಿಮೆಯ ನಷ್ಟ ಶೇ 30 ಅಂತ ಒಪ್ಪಿದರೆ 8,10,000. ಮುಂದೆ ಆದಾಯ ಬೆಳೆಯಬಹುದಿತ್ತು ಅನ್ನುವುದಕ್ಕೆ ಸೇರಿಸುವುದು ಬೇರೆ, ರಾಡ್ ತೆಗೆಸುವ ಆಪರೇಷನ್ ಖರ್ಚು ಬೇರೆ. ರಾಡ್ ಇನ್ನೂ ತೆಗೆಯಬೇಕಿದ್ದರೆ ಬೋರ್ಡಿನ ಮುಂದೆ ಅದನ್ನೂ ಹೇಳಿ.

ಅಂದ ಹಾಗೆ, ‘ಶೇ 40 ಇಲ್ಲದಿದ್ದರೆ ಏನೂ ಸಿಗಲ್ಲ’ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಆ 40 ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯದ್ದು, ಸರ್ಕಾರಿ ಸೌಲಭ್ಯಗಳಿಗೆ ನೋಡುವ ಅಳತೆ. ಅಪಘಾತ ಪರಿಹಾರಕ್ಕೆ ಅಂಥ ಗೆರೆ ಇಲ್ಲ.

ಜೊತೆಗೆ ಒಯ್ಯಬೇಕಾದ್ದು ಜಾಸ್ತಿ ಏನಿಲ್ಲ. ಆರ್ಡರ್, ಆಧಾರ್, ಗಾಯದ ಸರ್ಟಿಫಿಕೇಟ್, ಡಿಸ್ಚಾರ್ಜ್ ಕಾರ್ಡ್, ಮೊದಲಿನಿಂದ ಈವರೆಗಿನ ಎಕ್ಸ್‌ರೇ ಫಿಲ್ಮ್, ಔಷಧದ ಚೀಟಿ. ಮೂಲಪ್ರತಿ ಕೋರ್ಟಿನಲ್ಲಿದ್ದರೆ ಪ್ರತಿ ತೆಗೆಸಿಕೊಂಡು ಹೋಗಿ. ಪಂಚೆ ಅಥವಾ ಸಡಿಲ ಪೈಜಾಮ ಉಡಿ. ಕೋಲು ಹಿಡಿದು ನಡೆಯುವವರಾದರೆ ಕೋಲು ಹಿಡಿದೇ ಹೋಗಿ, ಇಲ್ಲದಿದ್ದರೆ ಅವತ್ತಿಗಾಗಿ ಕೋಲು ತರಬೇಡಿ.

ಈ ಕೊನೆಯ ಮಾತು ಬಹಳ ಮುಖ್ಯ. ಮಡಚುವ ಮೊಣಕಾಲನ್ನು ಬಿಗಿ ಹಿಡಿದರೆ ಅನುಭವಿ ಡಾಕ್ಟರಿಗೆ ಕೈಯಲ್ಲೇ ಗೊತ್ತಾಗುತ್ತದೆ. ಮೀನಖಂಡದಲ್ಲಿ ಮಾಂಸ ತುಂಬಿದ್ದು ‘ಕಾಲೇ ಊರಲ್ಲ’ ಅಂದರೆ ಹೊಂದುವುದಿಲ್ಲ. ಕಂಪನಿಯವರು ನೀವು ಸಂತೆಯಲ್ಲಿ ಚೀಲ ಹೊತ್ತ ವಿಡಿಯೋ ತಂದರೂ ತರಬಹುದು. ಒಂದು ಸುಳ್ಳು ಸಿಕ್ಕಿಬಿದ್ದರೆ ಹತ್ತು ನಿಜವೂ ಅದರ ಜೊತೆ ಹೋಗುತ್ತವೆ. ಆಗುವುದನ್ನು ಆಗುತ್ತದೆ ಅನ್ನಿ, ಆಗದ್ದನ್ನು ಆಗಲ್ಲ ಅನ್ನಿ. ಹಳೆಯ ಪೆಟ್ಟು ಏನಾದರೂ ಇದ್ದರೆ ಕೇಳಿದಾಗ ಮುಚ್ಚಿಡಬೇಡಿ. ಬೆಳಗ್ಗೆ ನೋವಿನ ಗುಳಿಗೆ ತಗೊಂಡಿದ್ದರೆ ಅದನ್ನೂ ತಿಳಿಸಿ, ಗುಳಿಗೆ ಹಾಕಿದ ಕಾಲು ಹಾಕದ ಕಾಲಿಗಿಂತ ಚೆನ್ನಾಗಿ ಓಡಾಡುತ್ತದೆ.

ಬೋರ್ಡಿನ ವರದಿ ಬಂದರೆ ಕೇಸ್ ಮುಗಿಯಿತು ಅಂತ ಅಲ್ಲ. ಶೇಕಡಾ ಕಡಿಮೆ ಬರೆದಿದ್ದರೆ ತಕರಾರು ಹಾಕಬಹುದು, ಬರೆದ ಡಾಕ್ಟರನ್ನು ಸಾಕ್ಷಿಗೆ ಕರೆಸಿ ಅಂತ ನಿಮ್ಮ ವಕೀಲರು ಕೇಳಬಹುದು. ಡಾಕ್ಟರು ಬಂದ ದಿನ ವಕೀಲರು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ, ಅದನ್ನು ಈಗಲೇ ಅವರಿಗೆ ಹೇಳಿಡಿ: ‘ಈ ಕಾಲಿಟ್ಟುಕೊಂಡು ಇವರು ದಿನಕ್ಕೆ ಎಂಟು ಗಂಟೆ ಕುಣಿ ಮಗ್ಗ ತುಳಿಯಬಹುದಾ?’ ತೀರ್ಪು ಒಪ್ಪಿಗೆ ಆಗದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.