ನಾಲ್ಕೈದು ಪಾರಿವಾಳದಿಂದಲೂ ಶ್ವಾಸಕೋಶ ಕೆಡುತ್ತಾ?

ಪ್ರಶ್ನೆ: ನಮ್ಮ ಬಾಲ್ಕನಿಗೆ ದಿನಾ ಪಾರಿವಾಳಗಳು ಬರುತ್ತವೆ. ಅಮ್ಮ ಕಾಳು ಹಾಕುತ್ತಾರೆ, ಹಿಕ್ಕೆ ಗುಡಿಸೋದೂ ಅವರೇ. ಇದರಿಂದ ಶ್ವಾಸಕೋಶ ಹಾಳಾಗುತ್ತೆ ಅಂತ ವಾಟ್ಸಾಪಿನಲ್ಲಿ ಓದಿದೆ. ಬರೋದೇ ನಾಲ್ಕೈದು ಹಕ್ಕಿ. ಇಷ್ಟಕ್ಕೆಲ್ಲ ಕಾಯಿಲೆ ಬರುತ್ತಾ?

ಉತ್ತರ: ಬರಬಹುದು. ಹಕ್ಕಿಗಳ ಜೊತೆ ಬದುಕುವ ಹೆಚ್ಚಿನವರಿಗೆ ಏನೂ ಆಗೋದಿಲ್ಲ, ಆದ್ದರಿಂದ ಗಾಬರಿ ಬೇಡ. ಆದರೆ ‘ಬರೋದೇ ನಾಲ್ಕೈದು’ ಅನ್ನೋ ಸಮಾಧಾನವೂ ಬೇಡ. ಹೀಗೆ ಹೇಳೋಕೆ ಕಾರಣ ಇದೆ. ಈ ಕಾಯಿಲೆಯ ನಿಧಾನದ ರೂಪದ ಬಗ್ಗೆ ಜಗತ್ತಿಗೆ ತುಂಬಾ ಕಲಿಸಿದವರು ಮೆಕ್ಸಿಕೋದ ರೋಗಿಗಳು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಕೆಲವೇ ಹಕ್ಕಿಗಳನ್ನು ಸಾಕಿಕೊಂಡಿದ್ದ ಹೆಂಗಸರು.

ಕಾಯಿಲೆಯ ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಡಾಕ್ಟರುಗಳು ಚುಟುಕಾಗಿ ಎಚ್‌ಪಿ ಅನ್ನುತ್ತಾರೆ. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಪಾರಿವಾಳದ ಹಿಕ್ಕೆಯಿಂದ ಕೆಲವು ಸೋಂಕುಗಳೂ ಬರಬಹುದು, ಆದರೆ ಅವು ಬೇರೆ. ಇಲ್ಲಿ ಎಡವಟ್ಟಾಗೋದು ನಮ್ಮದೇ ರೋಗನಿರೋಧಕ ವ್ಯವಸ್ಥೆಯಲ್ಲಿ.

ಪಾರಿವಾಳದ ಗರಿಗಳ ಮೇಲೆ ತುಂಬಾ ನಯವಾದ ಬಿಳಿ ಧೂಳಿರುತ್ತೆ. ರೆಕ್ಕೆ ಬಡಿದಾಗಲೆಲ್ಲ ಅದು ಗಾಳಿಗೆ ಹಾರುತ್ತೆ. ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಿದರೆ ಅದರ ಪುಡಿಯೂ ಏಳುತ್ತೆ. ಎರಡರಲ್ಲೂ ಹಕ್ಕಿಯ ಪ್ರೋಟೀನುಗಳಿರುತ್ತವೆ. ಕಣಗಳು ತೀರಾ ಸಣ್ಣವು. ಹಾಗಾಗಿ ಮೂಗು ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಕೆಲವರ ದೇಹ ಇದನ್ನು ಸಹಿಸೋದಿಲ್ಲ. ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ತುಂಬಿಕೊಳ್ಳುತ್ತವೆ, ಉರಿಯೂತ ಶುರುವಾಗುತ್ತೆ. ಸೀನು, ತುರಿಕೆ ತರುವ ಮಾಮೂಲಿ ಅಲರ್ಜಿಯ ದಾರಿ ಇದಲ್ಲ. ಅದಕ್ಕೇ ಸಿಟ್ರಿಜಿನ್ ಮಾತ್ರೆ ನುಂಗಿದರೆ ಪ್ರಯೋಜನ ಇಲ್ಲ.

ಅಮೆರಿಕದ ಡಾಕ್ಟರುಗಳು 1965ರಲ್ಲಿ ಪಾರಿವಾಳ ಸಾಕುವವರಲ್ಲಿ ಈ ಕಾಯಿಲೆಯನ್ನು ಗುರುತಿಸಿ ಬರೆದರು. ಆಮೇಲೆ ಬ್ರಿಟನ್ನಿನಲ್ಲಿ ಪಂದ್ಯಕ್ಕೆ ಪಾರಿವಾಳ ಸಾಕುವವರಲ್ಲೂ ಇದನ್ನು ತುಂಬಾ ನೋಡಿದರು. ಅಲ್ಲಿ ಕಂಡದ್ದು ಹೆಚ್ಚಾಗಿ ಜೋರಿನ ರೂಪ. ಗೂಡು ಚೊಕ್ಕಟ ಮಾಡಿ ಬಂದ ನಾಲ್ಕರಿಂದ ಎಂಟು ಗಂಟೆಯೊಳಗೆ ಚಳಿಜ್ವರ, ಕೆಮ್ಮು, ಮೈಕೈ ನೋವು, ಉಸಿರಿನ ಕಷ್ಟ. ಒಂದೆರಡು ದಿನದಲ್ಲಿ ಇಳಿಯುತ್ತೆ, ಮತ್ತೆ ಗೂಡಿಗೆ ಕಾಲಿಟ್ಟರೆ ಮತ್ತೆ ಜ್ವರ. ಇಂಥ ಕಡೆ ಹಕ್ಕಿಗೂ ಜ್ವರಕ್ಕೂ ಇರುವ ನಂಟು ರೋಗಿಗೇ ಹೊಳೆಯುತ್ತೆ, ಅಲ್ವಾ?

ಮೆಕ್ಸಿಕೋದ ಕಥೆ ಹೀಗಿರಲಿಲ್ಲ. ಮೆಕ್ಸಿಕೋ ಸಿಟಿಯ ದಕ್ಷಿಣದ ತ್ಲಾಲ್ಪಾನ್‌ನಲ್ಲಿ ಉಸಿರಾಟದ ಕಾಯಿಲೆಗಳ ರಾಷ್ಟ್ರೀಯ ಸಂಸ್ಥೆ ಇದೆ. ಅಲ್ಲಿಯವರ ಬಾಯಲ್ಲಿ ಅದು ‘ಇನೇರ್’. 1936ರಲ್ಲಿ ಕ್ಷಯದ ಆಸ್ಪತ್ರೆಯಾಗಿ ಶುರುವಾದ ಜಾಗ. ಅಲ್ಲಿನ ಸಂಶೋಧಕ ಮೋಯ್ಸೆಸ್ ಸೆಲ್ಮಾನ್ ಮತ್ತು ಅವರ ಜೊತೆಯವರು ದಶಕಗಳ ಕಾಲ ಇಲ್ಲಿ ಎಚ್‌ಪಿ ರೋಗಿಗಳನ್ನು ನೋಡಿದ್ದಾರೆ. ಅವರ ಹತ್ತಿರ ಬರುತ್ತಿದ್ದವರು ಪಂದ್ಯದ ಪಾರಿವಾಳದವರಲ್ಲ. ಮನೆಯಲ್ಲೇ ಹಕ್ಕಿ ಇಟ್ಟುಕೊಂಡು, ಅದಕ್ಕೆ ಕಾಳು ನೀರು ಇಟ್ಟು, ಗೂಡು ತೊಳೆಯುತ್ತಿದ್ದ ಗೃಹಿಣಿಯರೇ ಹೆಚ್ಚು. ಒಂದು ಸಲಕ್ಕೆ ಒಳಹೋಗುವ ಧೂಳು ಸ್ವಲ್ಪವೇ. ಆದರೆ ದಿನಾ ಹೋಗುತ್ತೆ, ವರ್ಷಗಟ್ಟಲೆ ಹೋಗುತ್ತೆ. ಇವರಿಗೆ ಚಳಿಜ್ವರ ಬರುತ್ತಿರಲಿಲ್ಲ. ಮೊದಲು ಒಣಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯ್ತು, ಮೈಭಾರ ಜಾಸ್ತಿ ಆಯ್ತು ಅಂದುಕೊಂಡೇ ವರ್ಷ ಕಳೆದುಬಿಡಬಹುದಾದ ಲಕ್ಷಣಗಳಿವು. ಆಸ್ಪತ್ರೆಗೆ ಬರುವ ಹೊತ್ತಿಗೆ ಉರಿಯೂತದ ಜೊತೆಗೇ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗೋಕೆ ಶುರುವಾಗಿರುತ್ತೆ. ಅದೇ ಫೈಬ್ರೋಸಿಸ್. ಮೆಕ್ಸಿಕೋ ಸಿಟಿ ಇರೋದು ಸಮುದ್ರ ಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಆಮ್ಲಜನಕವೇ ಕಡಿಮೆ. ಇಂಥ ಶ್ವಾಸಕೋಶ ಇಟ್ಟುಕೊಂಡು ಅಲ್ಲಿ ನಾಲ್ಕು ಹೆಜ್ಜೆ ನಡೆಯೋದೂ ಕಷ್ಟ.

ಆ ಕಾಲದಲ್ಲಿ ಒಂದು ನಂಬಿಕೆ ಇತ್ತು. ಪಾರಿವಾಳದ ಕಾಯಿಲೆ ಅಂದರೆ ಹಕ್ಕಿಯಿಂದ ದೂರವಾದರೆ ವಾಸಿಯಾಗುವಂಥದ್ದು ಅಂತ. ಮೆಕ್ಸಿಕೋದ ತಂಡ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ನಿಧಾನದ ರೂಪದ ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ ಬರೆದದ್ದು. ಐದು ವರ್ಷದೊಳಗೆ ಹೆಚ್ಚುಕಡಿಮೆ ಹತ್ತರಲ್ಲಿ ಮೂವರು ತೀರಿಕೊಂಡಿದ್ದರು. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಅವರೆಲ್ಲ ಕಾಯಿಲೆ ಬಲಿತ ಮೇಲೆ ದೊಡ್ಡಾಸ್ಪತ್ರೆಗೆ ಬಂದವರು. ನಿಮ್ಮ ಅಮ್ಮನಿಗೂ ಆ ಲೆಕ್ಕಕ್ಕೂ ಸಂಬಂಧ ಇಲ್ಲ. ಆದರೆ ‘ಅಲರ್ಜಿ ತಾನೇ’ ಅಂತ ತಳ್ಳಿಹಾಕುವ ಕಾಯಿಲೆ ಇದಲ್ಲ ಅನ್ನೋದನ್ನು ಆ ಹೆಂಗಸರ ಬದುಕೇ ತೋರಿಸಿಕೊಟ್ಟಿತು.

ಅದಕ್ಕೂ ಮೊದಲು, 1990ರಲ್ಲಿ, ಇದೇ ಸಂಸ್ಥೆಯವರು ರೋಗಿಗಳ ಬೆರಳುಗಳನ್ನು ನೋಡಿದ್ದರು. ಬೆರಳು ನೋಡೋಕೆ ಯಂತ್ರವೇ ಬೇಡದ ಒಂದು ಪರೀಕ್ಷೆ ಇದೆ. ಎರಡು ತೋರುಬೆರಳುಗಳ ಉಗುರನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಿರಿ. ಉಗುರಿನ ಬುಡದಲ್ಲಿ ಬೆಳಕು ತೂರುವಷ್ಟು ವಜ್ರಾಕಾರದ ಸಣ್ಣ ಸಂದು ಕಾಣಬೇಕು. ಬೆರಳ ತುದಿ ಊದಿ ಉಗುರು ಬಾಗಿದ್ದರೆ ಆ ಸಂದು ಮುಚ್ಚಿಹೋಗಿರುತ್ತೆ. ಇಂಥ ಬೆರಳು ಅಲ್ಲಿ ಸುಮಾರು ಅರ್ಧದಷ್ಟು ಪಾರಿವಾಳದ ರೋಗಿಗಳಲ್ಲಿತ್ತು, ಇದ್ದವರ ಕಾಯಿಲೆ ಬಿಗಡಾಯಿಸುವ ಸಾಧ್ಯತೆಯೂ ಜಾಸ್ತಿ ಇತ್ತು. ಉಗುರು ಬಾಗೋಕೆ ಬೇರೆ ಕಾರಣಗಳೂ ಇವೆ. ಆದರೂ ಹೊಸದಾಗಿ ಹೀಗಾಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಒಂದೇ ಮನೆಯಲ್ಲಿ ಒಬ್ಬರಿಗೆ ಬಂದು ಉಳಿದವರಿಗೆ ಯಾಕೆ ಬರೋದಿಲ್ಲ? ಇದಕ್ಕೂ ಮೆಕ್ಸಿಕೋದವರು ಉತ್ತರ ಹುಡುಕಿದರು. 2001ರ ಅಧ್ಯಯನದಲ್ಲಿ ಮೂರು ಗುಂಪುಗಳಿದ್ದವು: ಪಾರಿವಾಳದಿಂದ ಕಾಯಿಲೆ ಬಿದ್ದವರು, ಪಾರಿವಾಳದ ಜೊತೆ ಇದ್ದೂ ಆರೋಗ್ಯವಾಗಿದ್ದವರು, ಹಕ್ಕಿಯ ನಂಟೇ ಇಲ್ಲದವರು. ಹೊರಗಿನ ವಸ್ತುವನ್ನು ದೇಹ ಗುರುತಿಸುವ ಎಚ್‌ಎಲ್‌ಎ ಜೀನುಗಳ ಕೆಲವು ಬಗೆಗಳು ಕಾಯಿಲೆ ಬಿದ್ದವರಲ್ಲೇ ಜಾಸ್ತಿ ಕಂಡವು. ಅಂದರೆ ಧೂಳೊಂದೇ ಸಾಲದು, ಹುಟ್ಟಿನಿಂದ ಬಂದ ಒಲವೂ ಸೇರಬೇಕು. ಇನ್ನೊಂದು ವಿಷಯ. ಆರೋಗ್ಯವಾಗಿರುವ ಎಷ್ಟೋ ಜನರ ರಕ್ತದಲ್ಲೂ ಪಾರಿವಾಳದ ಪ್ರೋಟೀನಿನ ವಿರುದ್ಧ ಆಂಟಿಬಾಡಿ ಸಿಗುತ್ತೆ. ಅದು ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಸುಮ್ನೆ ಆ ಒಂದು ಟೆಸ್ಟ್ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಖಚಿತವಾಗಿ ತಿಳಿಯೋದು ಹೇಗೆ? ಇನೇರ್‌ನವರು 1998ರಲ್ಲಿ ಒಂದು ಪ್ರಯೋಗ ವರದಿ ಮಾಡಿದರು. ಪಾರಿವಾಳದ ಸೀರಮ್ಮನ್ನು, ಅಂದರೆ ರಕ್ತದಿಂದ ತೆಗೆದ ತಿಳಿ ದ್ರವವನ್ನು, ರೋಗಿಗಳಿಗೆ ಆವಿಯಾಗಿ ಉಸಿರಾಡಿಸಿ, ಆಮೇಲೆ ಗಂಟೆಗಟ್ಟಲೆ ಅಳೆಯುತ್ತಾ ಕೂತರು. ಈ ಕಾಯಿಲೆ ಇದ್ದವರಲ್ಲಿ ಒಂದೇ ಉಸಿರಿಗೆ ಹೊರಹಾಕುವ ಗಾಳಿಯ ಪ್ರಮಾಣ ಇಳಿಯಿತು, ರಕ್ತದ ಆಮ್ಲಜನಕ ಇಳಿಯಿತು, ಮೈಬಿಸಿ ಏರಿತು. ಇದು ಆಸ್ಪತ್ರೆಯಲ್ಲಿ, ಅನುಭವ ಇರುವವರ ಕೈಯಲ್ಲಿ ಮಾತ್ರ ನಡೆಯಬೇಕಾದ ಪರೀಕ್ಷೆ. ಎಲ್ಲಾ ಕಡೆ ಮಾಡೋದೂ ಇಲ್ಲ. ಸಾಮಾನ್ಯವಾಗಿ ಎದೆಯ ಎಚ್‌ಆರ್‌ಸಿಟಿ (ಸೂಕ್ಷ್ಮವಾಗಿ ತೋರಿಸುವ ಸಿಟಿ) ಸ್ಕ್ಯಾನ್, ಊದಿಸಿ ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೆಟ್ರಿ, ಬೇಕಾದರೆ ಶ್ವಾಸಕೋಶ ತೊಳೆದ ನೀರಿನಲ್ಲಿ ಲಿಂಫೋಸೈಟ್ ಎಣಿಸೋದು, ಇವನ್ನೆಲ್ಲ ಸೇರಿಸಿ ನೋಡುತ್ತಾರೆ. ಅಮೆರಿಕ, ಜಪಾನ್ ಮತ್ತು ಲ್ಯಾಟಿನ್ ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು 2020ರಲ್ಲಿ ಒಟ್ಟಿಗೆ ಮಾರ್ಗಸೂಚಿ ತಂದವು. ಅದರಲ್ಲಿ ಕಾಯಿಲೆಯನ್ನು ಫೈಬ್ರೋಸಿಸ್ ಇರುವುದು, ಇಲ್ಲದಿರುವುದು ಅಂತ ಎರಡಾಗಿ ಮಾಡಿದ್ದಾರೆ. ಮುಂದೇನು ಅನ್ನೋದನ್ನು ಹೆಚ್ಚಾಗಿ ನಿರ್ಧರಿಸೋದು ಅದೇ.

ಚಿಕಿತ್ಸೆಯಲ್ಲಿ ಮೊದಲ ಮದ್ದು ಹಕ್ಕಿಯಿಂದ ದೂರವಾಗೋದು. ಕಲೆಗಟ್ಟುವ ಮೊದಲೇ ದೂರವಾದರೆ ಎಷ್ಟೋ ಜನ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಉರಿಯೂತ ಇಳಿಸೋಕೆ ಸ್ಟೀರಾಯ್ಡ್ ಕೊಡುತ್ತಾರೆ. ಆದರೆ ಗಟ್ಟಿಯಾದ ಭಾಗವನ್ನು ಸ್ಟೀರಾಯ್ಡ್ ಮೃದು ಮಾಡೋದಿಲ್ಲ. ಅಂಥವರಲ್ಲಿ ಕಾಯಿಲೆಯ ಓಟ ನಿಧಾನ ಮಾಡೋಕೆ ನಿಂಟೆಡಾನಿಬ್ ಅನ್ನೋ ಔಷಧಿ ಇದೆ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದರ ಉಪಯೋಗ ಕಂಡಿತು.

ಇದು ದೂರದ ಮೆಕ್ಸಿಕೋದ ಮಾತು ಅಂದುಕೊಳ್ಳಬೇಡಿ. ಭಾರತದ 27 ಆಸ್ಪತ್ರೆಗಳು ಸೇರಿ ಶ್ವಾಸಕೋಶ ಗಟ್ಟಿಯಾಗುವ ಬಗೆಬಗೆಯ ಕಾಯಿಲೆಗಳ 1084 ರೋಗಿಗಳನ್ನು ದಾಖಲು ಮಾಡಿದ್ದವು. 2017ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದ್ದದ್ದು ಎಚ್‌ಪಿ. ಕಾರಣಗಳಲ್ಲಿ ಏರ್ ಕೂಲರಿನ ಜೊತೆಗೆ ಹಕ್ಕಿಗಳೂ ಇದ್ದವು.

ಈಗ ನಿಮ್ಮ ಅಮ್ಮನ ವಿಷಯಕ್ಕೆ ಬರೋಣ. ಕೆಮ್ಮು, ಏದುಸಿರು ಏನೂ ಇಲ್ಲದಿದ್ದರೆ ಸ್ಕ್ಯಾನ್ ಬೇಡ. ಕಾಳು ಹಾಕೋದನ್ನು ಮಾತ್ರ ನಿಲ್ಲಿಸಲಿ, ಬಾಲ್ಕನಿಗೆ ಬಲೆ ಕಟ್ಟಿಸಿ. ಹಕ್ಕಿಗೆ ಕಾಳು ಹಾಕೋದು ಅವರಿಗೆ ಪುಣ್ಯದ ಕೆಲಸ ಆಗಿರಬಹುದು. ಹಾಗಿದ್ದರೆ ಗದರಬೇಡಿ, ಕೂರಿಸಿಕೊಂಡು ಹೇಳಿ. ಒಣ ಹಿಕ್ಕೆಯನ್ನು ಗುಡಿಸಬಾರದು. ನೀರು ಚಿಮುಕಿಸಿ ನೆನೆಸಿ, ಎನ್95 ಮಾಸ್ಕ್ ಹಾಕಿಕೊಂಡು ಬಳಿದು ತೆಗೆಯಬೇಕು. ಆ ಕೆಲಸ ಇನ್ನು ಮುಂದೆ ನೀವು ಮಾಡಿದರೆ ಇನ್ನೂ ಒಳ್ಳೇದು. ಎಸಿಯ ಹೊರಗಿನ ಯೂನಿಟ್ ಹಿಂದೆ ಗೂಡು ಇದೆಯಾ ಅಂತಲೂ ನೋಡಿ. ಹಕ್ಕಿ ಹೋದ ಮೇಲೂ ಧೂಳು ತಿಂಗಳುಗಟ್ಟಲೆ ಉಳಿಯುತ್ತೆ, ಹಾಗಾಗಿ ಪರದೆ, ಚಾಪೆ ಎಲ್ಲಾ ಒಗೆಯಿರಿ. ಕೆಮ್ಮು ವಾರಗಟ್ಟಲೆ ಹೋಗದಿದ್ದರೆ ಅಥವಾ ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲು ಈಗ ಕಷ್ಟ ಅನ್ನಿಸಿದರೆ ಪಲ್ಮನಾಲಜಿಸ್ಟ್ (ಶ್ವಾಸಕೋಶದ ಡಾಕ್ಟರು) ಹತ್ತಿರ ಹೋಗಿ. ಅವರು ಕೇಳಲಿ, ಬಿಡಲಿ, ಪಾರಿವಾಳದ ವಿಷಯ ನೀವೇ ಹೇಳಿ. ಎಷ್ಟು ವರ್ಷದಿಂದ ಬರುತ್ತಿವೆ, ಗುಡಿಸೋದು ಯಾರು, ಗರಿ ತುಂಬಿದ ದಿಂಬು ಮನೆಯಲ್ಲಿದೆಯಾ ಅನ್ನೋದನ್ನೂ ಸೇರಿಸಿ.